ಮೊಟ್ಟೆ ಉಸಿರಾಡುತ್ತದೆ, ಕೇಳಿಸಿಕೊಳ್ಳುತ್ತದೆ

ಆತ್ಮೀಯರೇ, ಎಲ್ಲರಿಗೂ ನಮಸ್ಕಾರ. ಮಳೆಮೋಡ ಕವಿದಿದ್ದರೂ ಬಸವನಗುಡಿಯ ಈ ಸಭಾಂಗಣಕ್ಕೆ ಇಷ್ಟು ಮಂದಿ, ಅದರಲ್ಲೂ ಇಷ್ಟೊಂದು ಮಕ್ಕಳು ಬಂದಿರುವುದು ನನಗೆ ಬಹಳ ಸಂತೋಷ ಕೊಟ್ಟಿದೆ. ಮಾತಿಗೆ ಮೊದಲು ಒಂದು ಪ್ರಯೋಗ ಮಾಡಿಬಿಡೋಣ. ಮೇಜಿನ ಮೇಲಿರುವ ಗಾಜಿನ ಪಾತ್ರೆಯಲ್ಲಿ ಬಿಸಿನೀರಿದೆ. ಅದರೊಳಗೆ ಬೆಳಿಗ್ಗೆ ಅಂಗಡಿಯಿಂದ ತಂದ ಕೋಳಿಮೊಟ್ಟೆಯೊಂದನ್ನು ಮೆಲ್ಲಗೆ ಇಳಿಸುತ್ತಿದ್ದೇನೆ. ಮುಂದಿನ ಸಾಲಿನ ಮಕ್ಕಳು ಹತ್ತಿರ ಬಂದು ಅದರ ದಪ್ಪ ತುದಿಯನ್ನೇ ನೋಡಿ. ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳು ಸಾಲುಗಟ್ಟಿ ಮೇಲೇಳುತ್ತಿವೆ, ಕಾಣಿಸುತ್ತಿದೆಯೇ? ಮೊಟ್ಟೆ ಒಡೆದಿಲ್ಲ, ಬಿರುಕೂ ಬಿಟ್ಟಿಲ್ಲ. ಹಾಗಾದರೆ ಈ ಗಾಳಿ ಎಲ್ಲಿಂದ ಬಂತು?

ದಪ್ಪ ತುದಿಯಲ್ಲಿ, ಚಿಪ್ಪಿನ ಒಳಗಿನ ಎರಡು ಪೊರೆಗಳ ನಡುವೆ, ಒಂದು ಗಾಳಿಕೋಣೆ ಇದೆ. ಹೇಂಟೆ ಮೊಟ್ಟೆಯಿಟ್ಟ ಗಳಿಗೆಯಲ್ಲಿ ಅದು ಇರುವುದಿಲ್ಲ. ಹೇಂಟೆಯ ಮೈಶಾಖ ಸುಮಾರು 41 ಡಿಗ್ರಿ. ಆ ಬಿಸಿಯಿಂದ ಹೊರಬಂದ ಮೊಟ್ಟೆ ತಣ್ಣಗಾದಂತೆ ಒಳಗಿನ ದ್ರವ ಕುಗ್ಗುತ್ತದೆ, ತೆರವಾದ ಜಾಗಕ್ಕೆ ಹೊರಗಿನ ಗಾಳಿ ಚಿಪ್ಪನ್ನು ದಾಟಿ ಬರುತ್ತದೆ. ಈಗ ಬಿಸಿನೀರಿನಲ್ಲಿ ಅದೇ ಗಾಳಿ ಹಿಗ್ಗಿ, ಬಂದ ದಾರಿಯಲ್ಲೇ ಹೊರಡುತ್ತಿದೆ. ಒಂದು ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಬರಿಗಣ್ಣಿಗೆ ಕಾಣದ ಇಂಥ ರಂಧ್ರಗಳು ಸುಮಾರು 10,000 ಇವೆ. ಚಿಪ್ಪಿನ ದಪ್ಪವಾದರೋ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ. ಅದರಲ್ಲಿ ಶೇಕಡಾ 95ರಷ್ಟು ಸುಣ್ಣದ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆ ರೂಪುಗೊಳ್ಳಲು ಹಿಡಿಯುವ ಒಂದು ದಿನದಲ್ಲಿ ಸುಮಾರು 20 ಗಂಟೆ ಚಿಪ್ಪಿಗೇ ಹೋಗುತ್ತದೆ. ಈ ಕೆಲಸದ ಬಹುಪಾಲು ನಡೆಯುವುದು ರಾತ್ರಿ. ಆಗ ಹೇಂಟೆಯ ಹೊಟ್ಟೆಯಲ್ಲಿ ಮೇವು ಕಡಿಮೆ, ಹಾಗಾಗಿ ಅದು ತನ್ನ ಮೂಳೆಯಿಂದಲೇ ಸುಣ್ಣ ತೆಗೆದು ಚಿಪ್ಪಿಗೆ ಹಾಕುತ್ತದೆ.

ಈ ಚಿಪ್ಪನ್ನು ನಾವು ಗೋಡೆ ಎಂದುಕೊಂಡಿದ್ದೇವೆ. ಇಂದು ನಾನು ಹೇಳಬೇಕೆಂದು ಬಂದಿರುವುದು ಅದು ಗೋಡೆಯಲ್ಲ ಎನ್ನುವುದನ್ನೇ. ಉಸಿರು, ಶಾಖ, ಸದ್ದು ಎಲ್ಲವೂ ಅದನ್ನು ದಾಟುತ್ತವೆ. ಶರೀರಕ್ರಿಯಾ ವಿಜ್ಞಾನಿ ಹರ್ಮನ್ ರಾನ್ ಮತ್ತು ಸಂಗಡಿಗರು ಅಳೆದು ನೋಡಿದ ಪ್ರಕಾರ, 60 ಗ್ರಾಂ ತೂಕದ ಮೊಟ್ಟೆಯೊಂದು ಕಾವಿನ 21 ದಿನಗಳಲ್ಲಿ ಸುಮಾರು 6 ಲೀಟರ್ ಆಮ್ಲಜನಕ ಒಳಗೆಳೆದುಕೊಂಡು, ನಾಲ್ಕೂವರೆ ಲೀಟರ್ ಇಂಗಾಲದ ಡೈಆಕ್ಸೈಡ್ ಮತ್ತು 11 ಲೀಟರ್ ನೀರಾವಿ ಹೊರಬಿಡುತ್ತದೆ. ಮುಷ್ಟಿಯಲ್ಲಿ ಹಿಡಿಯುವ ವಸ್ತುವಿನ ವಹಿವಾಟು ಇಷ್ಟು!

ಹಳ್ಳಿಯಲ್ಲಿ ಕೋಳಿಯನ್ನು ಕಾವಿಗೆ ಕೂರಿಸಿದವರಿಗೆ ಇಪ್ಪತ್ತೊಂದು ದಿನದ ಲೆಕ್ಕ ಬಾಯಿಪಾಠ. ಆ ದಿನಗಳಲ್ಲಿ ಒಳಗೆ ಏನಾಗುತ್ತದೆ ಎಂದು ತಿಳಿಯಲು ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಅರಿಸ್ಟಾಟಲ್ ಬೇರೆ ಬೇರೆ ದಿನಗಳ ಕಾವಿನ ಮೊಟ್ಟೆಗಳನ್ನು ಒಡೆದು ನೋಡಿದ. ಮೂರು ದಿನ ಕಳೆಯುವ ಹೊತ್ತಿಗೆ ಬಿಳಿ ಲೋಳೆಯಲ್ಲಿ ಒಂದು ಕೆಂಪು ಚುಕ್ಕೆ ಮಿಡಿಯುತ್ತಿತ್ತು. ಅದೇ ಹೃದಯ. ಮುಂದೆ ಮರಿ ಚಿಪ್ಪಿನ ಒಳಮೈಯಿಂದಲೇ ಸುಣ್ಣ ಕರಗಿಸಿಕೊಂಡು ಮೂಳೆ ಕಟ್ಟಿಕೊಳ್ಳುತ್ತದೆ. ಮೂಳೆ ಗಟ್ಟಿಯಾದಷ್ಟೂ ಚಿಪ್ಪು ತೆಳುವಾಗುತ್ತದೆ.

ಕೊನೆಯ ಎರಡು ದಿನಗಳನ್ನು ಹತ್ತಿರದಿಂದ ನೋಡಿದವರು ಮರೆಯಲಾರರು. ಮರಿ ಮೊದಲು ಚಿಪ್ಪನ್ನು ಕುಟುಕುವುದಿಲ್ಲ, ಒಳಪೊರೆಯನ್ನು ಸೀಳಿ ಗಾಳಿಕೋಣೆಗೆ ಕೊಕ್ಕು ಚಾಚುತ್ತದೆ. ಅದರ ಶ್ವಾಸಕೋಶ ಮೊದಲ ಬಾರಿಗೆ ಗಾಳಿ ತುಂಬಿಕೊಳ್ಳುವುದು ಅಲ್ಲಿ. ಈ ಹೊತ್ತಿನಲ್ಲಿ ಮೊಟ್ಟೆಯನ್ನು ಕಿವಿಗೆ ಹಿಡಿದರೆ ಒಳಗಿನಿಂದ ಚಿಂವ್ ಎನ್ನುವ ದನಿ ಕೇಳಿಸುತ್ತದೆ. ಆಮೇಲೆ ಕೊಕ್ಕಿನ ತುದಿಯ ಮೇಲಿರುವ ಬಿಳಿ ಮೊನೆಯಿಂದ ಚಿಪ್ಪಿಗೆ ಒಂದು ತೂತು. ತೂತು ಬಿದ್ದ ಮೇಲೆ ಮರಿ ಗಂಟೆಗಟ್ಟಲೆ ಸುಮ್ಮನಾಗುತ್ತದೆ. ನೋಡುವವರಿಗೆ ಸಂಕಟ, ಪಾಪ ಸೋತುಹೋಯಿತೇನೋ, ಚಿಪ್ಪು ಬಿಡಿಸಿಕೊಡೋಣ ಎನ್ನಿಸುತ್ತದೆ. ಖಂಡಿತ ಬಿಡಿಸಬೇಡಿ. ಆ ಹೊತ್ತಿನಲ್ಲಿ ಚಿಪ್ಪಿಗಂಟಿದ ಪೊರೆಯ ನಾಳಗಳಿಂದ ರಕ್ತ ಹಿಂದಕ್ಕೆ ಸರಿದು ಮರಿಯ ಮೈ ಸೇರುತ್ತಿರುತ್ತದೆ, ಉಳಿದ ಹಳದಿ ಭಾಗ ಹೊಟ್ಟೆಯೊಳಕ್ಕೆ ಹೋಗುತ್ತಿರುತ್ತದೆ. ಅವಸರದಿಂದ ಸಿಪ್ಪೆ ಎಳೆದರೆ ನಾಳ ಹರಿದು ಮರಿ ಸಾಯುತ್ತದೆ.

ಮಹಾಭಾರತದ ಆದಿಪರ್ವದಲ್ಲಿ ವಿನತೆಯ ಕಥೆ ಬರುತ್ತದೆ, ನಿಮ್ಮಲ್ಲಿ ಹಲವರು ಅಜ್ಜಿಯ ಬಾಯಲ್ಲಿ ಕೇಳಿರುತ್ತೀರಿ. ಕದ್ರುವಿನ ಸಾವಿರ ಮೊಟ್ಟೆಗಳು ಐನೂರು ವರ್ಷಕ್ಕೆ ಒಡೆದು ನಾಗರು ಹೊರಬಂದರು. ತನ್ನ ಎರಡು ಮೊಟ್ಟೆಗಳು ಇನ್ನೂ ಒಡೆಯಲಿಲ್ಲವಲ್ಲ ಎಂದು ತಾಳ್ಮೆಗೆಟ್ಟ ವಿನತೆ ಒಂದನ್ನು ತಾನೇ ಒಡೆದಳು. ಹೊರಬಂದ ಅರುಣನಿಗೆ ಮೇಲಿನ ಅರ್ಧ ದೇಹ ಮಾತ್ರ ಬೆಳೆದಿತ್ತು. ಕೋಪಗೊಂಡ ಮಗ ಶಾಪವಿತ್ತು, ಇನ್ನೊಂದನ್ನಾದರೂ ಕಾಯಿ ಎಂದು ಹೇಳಿ ಸೂರ್ಯನ ಸಾರಥಿಯಾದ. ಕಾದ ಮೊಟ್ಟೆಯಿಂದ ಗರುಡ ಬಂದ. ಈ ಕಥೆ ಕಟ್ಟಿದವರು ಕಾವಿನ ಮನೆಯಲ್ಲಿ ಕುಳಿತು ನೋಡಿದವರೇ ಇರಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಚಿಪ್ಪಿನೊಳಗಿನ ಮರಿಯ ದನಿಯನ್ನು ಕೇಳುವವರು ಹೊರಗಿನವರು ಮಾತ್ರವಲ್ಲ. ಕ್ವೇಲ್ ಹಕ್ಕಿಯ ಗೂಡಿನಲ್ಲಿ ಹತ್ತಾರು ಮೊಟ್ಟೆಗಳಿರುತ್ತವೆ. ಒಡೆಯುವ ಮುನ್ನ ಅವು ಟಿಕ್ ಟಿಕ್ ಎಂದು ಒಂದಕ್ಕೊಂದು ಸದ್ದು ಮಾಡುತ್ತವೆ. ಹಿಂದೆ ಬಿದ್ದ ಮರಿ ಆ ಸದ್ದು ಕೇಳಿ ಬೇಗ ಬೇಗ ಬೆಳೆಯುತ್ತದೆ, ಹೀಗಾಗಿ ಬೇರೆ ಬೇರೆ ದಿನ ಇಟ್ಟ ಮೊಟ್ಟೆಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಒಡೆಯುತ್ತವೆ. ಮಾರ್ಗರೆಟ್ ವಿನ್ಸ್ ಎಂಬ ವಿಜ್ಞಾನಿ ಇದನ್ನು 1960ರ ದಶಕದಲ್ಲೇ ತೋರಿಸಿದರು. ಆಸ್ಟ್ರೇಲಿಯಾದ ಜೀಬ್ರಾ ಫಿಂಚ್ ಎಂಬ ಪುಟ್ಟ ಹಕ್ಕಿ, ಬಿಸಿಲು ಏರಿದ ದಿನಗಳಲ್ಲಿ ಕಾವಿನ ಕೊನೆಯ ಭಾಗದಲ್ಲಿ ಮೊಟ್ಟೆಗಳಿಗೆ ಒಂದು ವಿಶೇಷ ಕೂಗು ಕೇಳಿಸುತ್ತದೆ. ಆ ಕೂಗು ಕೇಳಿದ ಮರಿಗಳು ಸೆಕೆಯ ಗೂಡಿನಲ್ಲಿ ಗಾತ್ರದಲ್ಲಿ ಚಿಕ್ಕದಾಗಿ ಬೆಳೆಯುತ್ತವೆ. ಚಿಕ್ಕ ಮೈ ಬೇಗ ತಂಪಾಗುತ್ತದೆ. 2016ರಲ್ಲಿ ಈ ಸಂಶೋಧನೆ ಪ್ರಕಟವಾದಾಗ ಓದಿ ನಾನು ರೋಮಾಂಚನಗೊಂಡಿದ್ದೆ. ಇನ್ನೂ ಹುಟ್ಟದ ಮಗುವಿಗೆ ತಾಯಿ ಹೊರಗಿನ ಹವೆಯ ವಿಷಯ ತಿಳಿಸುತ್ತಿದ್ದಾಳೆ!

ಮಧ್ಯ ಅಮೆರಿಕದ ಕೆಂಗಣ್ಣಿನ ಮರಗಪ್ಪೆ ಕೊಳದ ಮೇಲೆ ಚಾಚಿದ ಎಲೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ಮೊಟ್ಟೆ ಬಲಿಯಲು ಸುಮಾರು ಒಂದು ವಾರ ಬೇಕು. ಆದರೆ ನಡುವೆ ಹಾವು ಬಂದು ಬಾಯಿ ಹಾಕಿದರೆ, ನಾಲ್ಕೈದು ದಿನದ ಮೊಟ್ಟೆಗಳೂ ತಟಕ್ಕನೆ ಒಡೆದು ಗೊದಮೊಟ್ಟೆಗಳು ನೀರಿಗೆ ಧುಮುಕುತ್ತವೆ. ಮಳೆಹನಿ ಬಿದ್ದರೂ ಎಲೆ ಅದುರುತ್ತದೆ, ಆದರೆ ಆಗ ಅವು ಒಡೆಯುವುದಿಲ್ಲ. ಮಳೆಯ ನಡುಕ ಯಾವುದು, ಹಾವಿನ ನಡುಕ ಯಾವುದು ಎಂಬ ವಿವೇಚನೆ ಆ ಲೋಳೆಮುದ್ದೆಗೆ ಇದೆ. ನಮ್ಮ ಉತ್ತರ ಕನ್ನಡದ ಹಳ್ಳಗಳಲ್ಲಿರುವ ಕುಂಬಾರ ಕಪ್ಪೆಯದು ಇನ್ನೊಂದು ಬಗೆ. ಹೆಣ್ಣು ಕಡ್ಡಿಯ ಮೇಲೆ ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ಮುಂಗೈಗಳಲ್ಲಿ ಕೆಸರು ಎತ್ತಿಕೊಂಡು, ಹಿಂಗಾಲಿನ ಮೇಲೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಅದನ್ನು ಹೊಸ ಪ್ರಭೇದವೆಂದು ಬೆಂಗಳೂರಿನ ಕೆ. ವಿ. ಗುರುರಾಜ ಮತ್ತು ತಂಡದವರು 2014ರಲ್ಲಿ ವಿವರಿಸಿದರು. ಆಗುಂಬೆಯ ಕಾಡಿನ ಕಾಳಿಂಗ ಸರ್ಪ ಒಣಗಿದ ಎಲೆಗಳನ್ನು ಮೈಯಿಂದ ಎಳೆದು ಗುಡ್ಡೆ ಹಾಕಿ ಅದರೊಳಗೆ ಮೊಟ್ಟೆಯಿಡುತ್ತದೆ. ಹೀಗೆ ಗೂಡು ಕಟ್ಟುವ ಹಾವು ಅದೊಂದೇ.

ಮೊಟ್ಟೆಗೆ ಬೆಳಕಿನ ಅರಿವೂ ಉಂಟು. ಇದನ್ನು ನಮಗೆ ಹೇಳಬೇಕಾದವರು ಶಿಡ್ಲಘಟ್ಟ, ರಾಮನಗರದ ರೇಷ್ಮೆ ಬೆಳೆಗಾರರು. ಒಂದು ರೇಷ್ಮೆ ಚಿಟ್ಟೆ 400ರಿಂದ 500 ಮೊಟ್ಟೆ ಇಡುತ್ತದೆ, ಪ್ರತಿಯೊಂದೂ ಸಾಸಿವೆಗಿಂತ ಚಿಕ್ಕದು. ಒಡೆಯಲು ಎರಡು ದಿನ ಇರುವಾಗ ಒಳಗಿನ ಹುಳುವಿನ ಕಪ್ಪು ತಲೆ ಚುಕ್ಕೆಯಾಗಿ ಕಾಣಿಸುತ್ತದೆ, ಮೊಟ್ಟೆ ನೀಲಿಗೆ ತಿರುಗುತ್ತದೆ. ಆಗ ಅವನ್ನು ಕಪ್ಪು ಕಾಗದದಲ್ಲಿ ಸುತ್ತಿ ಕತ್ತಲಲ್ಲಿಡುತ್ತಾರೆ. ಮುಂದೆ ಬಿದ್ದ ಮೊಟ್ಟೆಗಳು ಕತ್ತಲಲ್ಲಿ ತಡೆದು ನಿಲ್ಲುತ್ತವೆ, ಹಿಂದುಳಿದವು ಅಷ್ಟರಲ್ಲಿ ಬಲಿಯುತ್ತವೆ. ಬೆಳಗಿನ ಜಾವ ಬೆಳಕಿಗೆ ತೆರೆದಿಟ್ಟರೆ ಕೆಲವೇ ಗಂಟೆಗಳಲ್ಲಿ ಎಲ್ಲ ಹುಳುಗಳೂ ಹೊರಬರುತ್ತವೆ. ಎಲ್ಲಕ್ಕೂ ಒಂದೇ ವಯಸ್ಸಾದ್ದರಿಂದ ಒಟ್ಟಿಗೆ ಜ್ವರಕ್ಕೆ, ಅಂದರೆ ಪೊರೆ ಕಳಚುವ ನಿದ್ದೆಗೆ, ಹೋಗುತ್ತವೆ, ಒಟ್ಟಿಗೆ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುತ್ತವೆ. ಅದಿಲ್ಲದಿದ್ದರೆ ಹುಳುಮನೆಯಲ್ಲಿ ಸೊಪ್ಪು ಕೊಡುವವರ ಪಾಡು ಹೇಳತೀರದು.

ಈಗ ಅಡುಗೆಮನೆಗೆ ಹೋಗೋಣ. ಹೊಸ ಮೊಟ್ಟೆ ಬೇಯಿಸಿದರೆ ಸಿಪ್ಪೆ ಬಿಡುವುದಿಲ್ಲ, ಬಿಳಿ ಭಾಗ ಕಿತ್ತು ಬರುತ್ತದೆ ಎಂದು ಎಷ್ಟೋ ಜನ ಕೇಳುತ್ತಾರೆ. ಕಾರಣ ಅದೇ ರಂಧ್ರಗಳು. ಹೊಸ ಮೊಟ್ಟೆಯ ಬಿಳಿ ಲೋಳೆಯಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ದಿನ ಕಳೆದಂತೆ ಅದು ಸೋರಿಹೋಗಿ ಲೋಳೆಯ ಕ್ಷಾರಗುಣ ಹೆಚ್ಚುತ್ತದೆ, ಆಗ ಬೆಂದ ಬಿಳಿ ಭಾಗಕ್ಕೂ ಪೊರೆಗೂ ಅಂಟು ಕಡಿಮೆ. ನೀರೂ ಆವಿಯಾಗಿ ಗಾಳಿಕೋಣೆ ದೊಡ್ಡದಾಗುವುದರಿಂದ ಹಳೆಯ ಮೊಟ್ಟೆ ನೀರಿನಲ್ಲಿ ತೇಲುತ್ತದೆ. ಹೆಚ್ಚು ಬೇಯಿಸಿದಾಗ ಹಳದಿಯ ಸುತ್ತ ಕಾಣುವ ಹಸಿರು ಉಂಗುರ ವಿಷವಲ್ಲ, ಬಿಳಿಯ ಗಂಧಕ ಹಳದಿಯ ಕಬ್ಬಿಣದೊಂದಿಗೆ ಸೇರಿ ಆದದ್ದು. ಚಿಪ್ಪಿನ ಕಂದು ಬಣ್ಣದಿಂದ ಪೌಷ್ಟಿಕತೆ ಹೆಚ್ಚುವುದಿಲ್ಲ, ಅದು ತಳಿಯ ಗುಣ. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಕೋಳಿಯದೂ ಕಂದು ಮೊಟ್ಟೆಯೇ. ಹಳದಿಯ ಬಣ್ಣ ಮಾತ್ರ ಮೇವಿನಿಂದ ಬರುತ್ತದೆ. ಗುಂಡ್ಲುಪೇಟೆಯ ಹೊಲಗಳಲ್ಲಿ ಕಣ್ಣು ಕುಕ್ಕುವಂತೆ ಅರಳುವ ಚೆಂಡುಹೂವನ್ನು ನೋಡಿದ್ದೀರಲ್ಲ? ಅಂಥ ಹೂವಿನ ಸಾರ ಕೋಳಿ ಮೇವಿಗೆ ಸೇರುತ್ತದೆ. ದೇವರ ಪಟಕ್ಕೆ ಹಾಕುವ ಹೂವಿನ ಬಣ್ಣವೇ ಆಮ್ಲೆಟ್ಟಿನಲ್ಲೂ ಇರುತ್ತದೆ.

ಈ ಊರಿನ ಇನ್ನೊಂದು ಪರಂಪರೆಯನ್ನೂ ಗೌರವದಿಂದ ನೆನೆಯಬೇಕು. ಹಾಸನ ಜಿಲ್ಲೆಯಿಂದ ಬಂದ ಅಯ್ಯಂಗಾರ್ ಕುಟುಂಬಗಳು ಮೊಟ್ಟೆಯನ್ನೇ ಮುಟ್ಟದೆ ಕೇಕು, ಬನ್ನು ಮಾಡುವುದನ್ನು ಕರಗತ ಮಾಡಿಕೊಂಡವು. ಕೇಕಿನಲ್ಲಿ ಮೊಟ್ಟೆ ಮಾಡುವ ಕೆಲಸ ಗಾಳಿ ಹಿಡಿದಿಡುವುದು ಮತ್ತು ಹಿಟ್ಟನ್ನು ಬಂಧಿಸುವುದು. ಅದನ್ನು ಹಾಲು, ಮೊಸರು, ಸೋಡಾಗಳಿಂದ ಸಾಧಿಸುವುದು ಸಣ್ಣ ವಿದ್ಯೆಯಲ್ಲ. ಮೊಟ್ಟೆ ತಿನ್ನದವರ ಮನೆಯ ಈ ಜಾಣ್ಮೆಯೂ, ಸಂಜೆ ತಳ್ಳುಗಾಡಿಯಲ್ಲಿ ಎಗ್ ರೈಸ್ ಮಾಡುವವರ ಕೈಚಳಕವೂ ಈ ಊರಿನ ರುಚಿಯೇ.

ಶಾಲೆಯ ಮಾತಿಗೆ ಬಂದರೆ ನನಗೆ ಒಂದು ನಿಲುವಿದೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದು ಆರಂಭವಾಗಿ, ಈಗ ಅಜೀಂ ಪ್ರೇಂಜಿ ಫೌಂಡೇಶನ್ ನೆರವಿನಿಂದ ರಾಜ್ಯದಾದ್ಯಂತ ವಾರಕ್ಕೆ ಆರು ದಿನಕ್ಕೆ ಬಂದಿದೆ. ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ವಿಟಮಿನ್ ಸಿ ಒಂದನ್ನು ಬಿಟ್ಟು ಉಳಿದ ವಿಟಮಿನ್‌ಗಳೆಲ್ಲ ಇವೆ. ಅದೊಂದು ಏಕಿಲ್ಲವೆಂದರೆ ಕೋಳಿ ತನಗೆ ಬೇಕಾದ ಸಿ ವಿಟಮಿನ್ ಅನ್ನು ತನ್ನ ಮೈಯಲ್ಲೇ ತಯಾರಿಸಿಕೊಳ್ಳುತ್ತದೆ. ಬೆಳೆಯುವ ಜೀವಕ್ಕೆಂದೇ ಕಟ್ಟಿದ ಬುತ್ತಿ ಅದು. ಬೆಳೆಯುವ ಮಗುವಿನ ತಟ್ಟೆಗೆ ಅದು ಬರುವುದು ಸರಿಯೆಂದೇ ನಾನು ನಂಬಿದ್ದೇನೆ.

ಬಿಳಿ ಲೋಳೆ ನಮಗೆ ಇನ್ನೊಂದು ಉಪಕಾರ ಮಾಡಿದೆ. 1850ರಲ್ಲಿ ಫ್ರಾನ್ಸಿನಲ್ಲಿ ಪ್ರಕಟವಾದ ವಿಧಾನದಲ್ಲಿ, ಮೊಟ್ಟೆಯ ಬಿಳಿ ಬಳಿದ ಕಾಗದದ ಮೇಲೆ ಬೆಳ್ಳಿಯ ಲವಣ ಹಿಡಿಸಿ ಛಾಯಾಚಿತ್ರ ಮುದ್ರಿಸುತ್ತಿದ್ದರು. 1860ರ ದಶಕದಲ್ಲಿ ಮುದ್ರಣಗೊಂಡ ಹಳೇಬೀಡಿನ ಶಿಲ್ಪಗಳ ಚಿತ್ರಗಳು ನಮ್ಮ ಕಣ್ಣಿಗೆ ಉಳಿದಿರುವುದು ಆ ಲೋಳೆಯ ಮೇಲೆಯೇ.

ಇಷ್ಟು ಹೇಳಿದ ಮೇಲೆ ನಮ್ಮದೇ ಊರಿನ ಒಂದು ಗೂಡಿನ ಸಂಗತಿ ಹೇಳಲೇಬೇಕು. ಕೆಂಪು ಟಿಟ್ಟಿಭ ಹಕ್ಕಿಯನ್ನು ಕೆರೆಯಂಚಿನಲ್ಲಿ ನೋಡಿದ್ದೀರಿ. ಹಳದಿ ಉದ್ದ ಕಾಲು, ಕಣ್ಣಿನ ಮುಂದೆ ಕೆಂಪು ಚರ್ಮ, ರಾತ್ರಿಯೂ ಕೂಗಾಡುತ್ತದೆ. ಅದರ ಮೊಟ್ಟೆಗಳನ್ನು ಸಮುದ್ರ ಕದ್ದಿತೆಂದೂ, ಹಕ್ಕಿಗಳೆಲ್ಲ ಗರುಡನಿಗೆ ದೂರಿತ್ತು, ವಿಷ್ಣುವಿಗೆ ಹೆದರಿ ಸಮುದ್ರ ಅವನ್ನು ಹಿಂದಿರುಗಿಸಿತೆಂದೂ ಪಂಚತಂತ್ರದಲ್ಲಿದೆ. ಇಲ್ಲಿ ಅದು ಗೂಡು ಮಾಡುವುದು ಖಾಲಿ ನಿವೇಶನದಲ್ಲಿ, ಬಡಾವಣೆಯ ಜಲ್ಲಿಯ ನಡುವೆ, ಕೆಲವೊಮ್ಮೆ ತಾರಸಿಯ ಮೇಲೂ. ನೆಲದ ಒಂದು ತಗ್ಗು, ಸುತ್ತ ನಾಲ್ಕು ಹರಳು, ಒಳಗೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಚೂಪು ತುದಿಗಳು ಒಳಮುಖವಾಗಿ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ, ಹೀಗಾಗಿ ಎರಡಡಿ ದೂರದಿಂದಲೂ ಗುರುತು ಸಿಗುವುದಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ತಂದೆತಾಯಿ ಕೆರೆಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತವೆ. ಮೊಟ್ಟೆ ಬೇಯದಂತೆ ಅವು ಕಂಡುಕೊಂಡ ಉಪಾಯವಿದು.

ಮಾರ್ಚ್‌ನಿಂದ ಆಗಸ್ಟ್‌ವರೆಗೆ ನಿಮ್ಮ ಬಡಾವಣೆಯಲ್ಲಿ ಈ ಹಕ್ಕಿ ತಲೆಯ ಮೇಲೆ ಸುತ್ತುತ್ತಾ ಕಿರುಚಿದರೆ ಹತ್ತಿರದಲ್ಲೇ ಗೂಡಿದೆ ಎಂದು ತಿಳಿಯಿರಿ. ನಿಂತಲ್ಲೇ ನಿಂತು ನೆಲ ನೋಡಿಕೊಂಡು ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ, ಮೊಟ್ಟೆ ಮುಟ್ಟಬೇಡಿ. ಕಟ್ಟಡದ ಕೆಲಸ ನಡೆಯುತ್ತಿದ್ದರೆ ಮೇಸ್ತ್ರಿಗೆ ಹೇಳಿ ನಾಲ್ಕು ಕಡೆ ಇಟ್ಟಿಗೆ ಇಟ್ಟು ಜಾಗ ಗುರುತು ಮಾಡಿಸಿ, ನಾಯಿ ಬಾರದಂತೆ ನೋಡಿಕೊಳ್ಳಿ. ಕಾವಿಗೆ ಬೇಕಾದದ್ದು ಸುಮಾರು ನಾಲ್ಕು ವಾರ. ಒಡೆದ ದಿನವೇ ಮರಿಗಳು ತಾಯಿಯ ಹಿಂದೆ ನಡೆದು ಹೊರಟುಹೋಗುತ್ತವೆ, ಮಾರನೆಯ ದಿನದಿಂದ ಜಲ್ಲಿ ಇಳಿಸಬಹುದು.