ಹದಿಹರೆಯದವರ ಪರಿಸರ ನಡವಳಿಕೆ: ಅಳೆಯುವುದು ಹೇಗೆ?

ಕೇಳುಗರೇ, ನಮಸ್ಕಾರ.

ಒಂಬತ್ತನೇ ತರಗತಿಯಲ್ಲಿ ಪ್ರಶ್ನಾವಳಿ ಹಂಚಿ, ‘ನೀನು ನೀರನ್ನು ಮಿತವಾಗಿ ಬಳಸುತ್ತೀಯಾ?’ ಎಂದು ಕೇಳಿ ನೋಡಿ. ಹೆಚ್ಚಿನ ಮಕ್ಕಳು ‘ಹೌದು’ ಎಂದೇ ಗುರುತು ಹಾಕುತ್ತಾರೆ. ಅವರು ಸುಳ್ಳರೆಂದಲ್ಲ. ಪರಿಸರವನ್ನು ಶಾಲೆಯಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಪಾಠ ಓದಿದ ಮಕ್ಕಳಿಗೆ ಯಾವ ಉತ್ತರಕ್ಕೆ ಅಂಕ ಸಿಗುತ್ತದೆಂದು ಗೊತ್ತು. ಪ್ರಶ್ನಾವಳಿ ಹಂಚಿದವರು ಅವರ ಮೇಷ್ಟ್ರೇ ಆಗಿದ್ದರಂತೂ ಕೇಳುವುದೇ ಬೇಡ.

ದೊಡ್ಡವರೂ ಹೀಗೆಯೇ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ವಿಲಿಯಂ ರಾಥ್ಜೆ 1973ರಿಂದ ಟೂಸಾನ್ ನಗರದ ಮನೆಗಳ ಕಸವನ್ನು ವಿಂಗಡಿಸಿ ಲೆಕ್ಕ ಹಾಕಿಸಿದರು. ಬಿಯರ್ ಎಷ್ಟು ಕುಡಿಯುತ್ತೇವೆಂದು ಜನ ಹೇಳಿದ್ದಕ್ಕಿಂತ ಕಸದಲ್ಲಿ ಸಿಕ್ಕ ಡಬ್ಬಿಗಳು ಹೆಚ್ಚಿದ್ದವು. ಹೇಳಿಕೆಯನ್ನೂ ನಿಜವಾದ ನಡವಳಿಕೆಯನ್ನೂ ಹೋಲಿಸಿದ್ದ ಹಲವು ಅಧ್ಯಯನಗಳನ್ನು ಕಾರ್ಮೊಸ್ ಮತ್ತು ಗಿಫರ್ಡ್ ಎಂಬ ಸಂಶೋಧಕರು 2014ರಲ್ಲಿ ಒಟ್ಟುಗೂಡಿಸಿ ನೋಡಿದರು. ಪರಿಸರದ ವಿಷಯದಲ್ಲಿ ಜನರ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದ ಐದನೇ ಒಂದು ಭಾಗವಷ್ಟೇ ಅವರ ಹೇಳಿಕೆಗಳಿಂದ ತಿಳಿಯುತ್ತಿತ್ತು.

ಹದಿಹರೆಯದವರಲ್ಲಿ ಇನ್ನೊಂದು ತೊಡಕಿದೆ. ಮನೆಯ ಕರೆಂಟ್ ಬಿಲ್ ಇಳಿದರೆ ಅದು ಮಗಳ ಕೆಲಸವೋ, ಅಪ್ಪ ಹೊಸ ಫ್ರಿಜ್ ತಂದದ್ದರ ಫಲವೋ? ಆದ್ದರಿಂದ ಅವರ ಕೈಯಲ್ಲೇ ಇರುವುದನ್ನು ಅಳೆಯಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಬಿಸಿಯೂಟದ ತಟ್ಟೆಯಲ್ಲಿ ಉಳಿದ ಅನ್ನವನ್ನು ದಿನವೂ ತೂಗಬಹುದು. ಊಟದ ವಿರಾಮದಲ್ಲಿ ಖಾಲಿ ಕೊಠಡಿಗಳಲ್ಲಿ ತಿರುಗುತ್ತಿರುವ ಫ್ಯಾನುಗಳನ್ನು ಎಣಿಸಬಹುದು. ಪರಿಸರ ಜಾಗೃತಿಯ ಯಾವ ಕಾರ್ಯಕ್ರಮವನ್ನೂ ನಡೆಸದ ಇನ್ನೊಂದು ಶಾಲೆಯಲ್ಲೂ ಇದೇ ಲೆಕ್ಕ ಇಟ್ಟರೆ ಹೋಲಿಕೆಗೆ ಆಧಾರ ಸಿಗುತ್ತದೆ. ಯಾರೋ ನೋಡುತ್ತಿದ್ದಾರೆಂದು ಮಕ್ಕಳು ಮೊದಮೊದಲು ಎಚ್ಚರದಿಂದಿರುತ್ತಾರೆ; ಆ ದಿನಗಳ ಲೆಕ್ಕವನ್ನು ಬಿಡುವುದು ಒಳ್ಳೆಯದು.

ಹಾಗೆಂದು ತಕ್ಕಡಿಯೊಂದನ್ನೇ ನಂಬಲಾಗದು. ಬೋರ್‌ವೆಲ್‌ನಿಂದ ಕೊಡ ಹೊತ್ತು ತರುವ ಹುಡುಗಿಯೂ ನೀರನ್ನು ಕಡಿಮೆ ಬಳಸುತ್ತಾಳೆ, ನಲ್ಲಿ ಇದ್ದೂ ಯೋಚಿಸಿ ಬಳಸುವ ಹುಡುಗನೂ ಕಡಿಮೆ ಬಳಸುತ್ತಾನೆ. ಲೀಟರ್ ಲೆಕ್ಕದಲ್ಲಿ ಇಬ್ಬರೂ ಒಂದೇ. ಒಬ್ಬಳದು ಅನಿವಾರ್ಯ, ಇನ್ನೊಬ್ಬನದು ಆಯ್ಕೆ. ಈ ಅಂತರ ತಿಳಿಯಬೇಕಾದರೆ ಅವರ ಜೊತೆ ಕುಳಿತು ಬಿಡುವಾಗಿ ಮಾತನಾಡಬೇಕು. ಅದೂ ಮೇಷ್ಟ್ರು ಇಲ್ಲದ ಕಡೆ.

ಇಂಥ ಅಧ್ಯಯನಕ್ಕೆ ಪೋಷಕರ ಒಪ್ಪಿಗೆ ಬೇಕೇ ಬೇಕು. ಅದರ ಜೊತೆಗೆ ಮಗುವನ್ನೂ ಕೇಳಬೇಕು. ಒಲ್ಲೆನೆಂದರೆ ಅಲ್ಲಿಗೇ ಬಿಡಬೇಕು. ಹಾಳೆಯ ಮೇಲೆ ಹೆಸರು ಬರೆಸಬಾರದು. ಕಾರ್ಯಕ್ರಮ ಮುಗಿದ ವಾರವೇ ಅಳೆದು ವರದಿ ಬರೆಯುವ ಆತುರವೂ ಬೇಡ. ಬೇಸಿಗೆ ರಜೆ ಕಳೆದು ಶಾಲೆ ಮತ್ತೆ ತೆರೆದ ಮೇಲೆ ಅದೇ ತಟ್ಟೆಗಳನ್ನು ಇನ್ನೊಮ್ಮೆ ತೂಗಿ ನೋಡಬೇಕು.

ನಮಸ್ಕಾರ.