ಯಾವ ಪಕ್ಷ ಬಂದರೂ ವಾದ ಮಾಡಬೇಕು

ಎಲ್ಲರಿಗೂ ನಮಸ್ಕಾರ. ಮಕ್ಕಳ ಕನ್ನಡ ಕ್ಲಾಸು ಮುಗಿದು ಅರ್ಧ ಗಂಟೆ ಆಯಿತು. ಹೊರಗೆ ಮಳೆ ಬೇರೆ. ಆದರೂ ಇಷ್ಟು ಜನ ಉಳಿದುಕೊಂಡಿದ್ದೀರಿ ಅಂದರೆ ಈ ವಿಷಯ ಎಲ್ಲರ ಮನೆಯಲ್ಲೂ ಕಾಡುತ್ತಿದೆ ಅಂತ ಆಯಿತು.

ಹೋದ ತಿಂಗಳು ಇದೇ ಹಾಲ್‌ನಲ್ಲಿ ಚಹಾ ಕುಡಿಯುವಾಗ ಒಬ್ಬರು ಕೇಳಿದರು. "ಅಕ್ಕಾ, ನೀವು ಶಾಲೆ ಡಿಬೇಟ್‌ಗಳಿಗೆ ಜಡ್ಜ್ ಆಗಿ ಹೋಗ್ತೀರಲ್ವಾ? ನಿಜ ಹೇಳಿ, ಇಲ್ಲಿ ಟೀಚರ್‌ಗಳು ಮಕ್ಕಳ ತಲೆಗೆ ತಮ್ಮ ರಾಜಕೀಯ ತುಂಬ್ತಾರಾ?" ಪಕ್ಕದಲ್ಲಿದ್ದವರು ತಕ್ಷಣ ಹೇಳಿದರು, "ತುಂಬೋದೆಲ್ಲಿ ಬಂತು, ಏನು ಕೇಳಿದ್ರೂ ಬಾಯಿ ಮುಚ್ಚಿಸ್ತಾರೆ." ಇಬ್ಬರ ಮಕ್ಕಳು ಬೇರೆ ಬೇರೆ ಶಾಲೆಯವರು. ಇಬ್ಬರು ಹೇಳಿದ್ದನ್ನೂ ನಾನು ನಂಬುತ್ತೇನೆ. ಅವತ್ತು ಉತ್ತರ ಕೊಡಲಿಲ್ಲ. ಇವತ್ತು ಕೊಡಲು ನೋಡುತ್ತೇನೆ. ಆದರೆ ಕ್ಲಾಸ್‌ರೂಮಿನಿಂದ ಅಲ್ಲ, ಡಿಬೇಟ್‌ನಿಂದ ಶುರು ಮಾಡುತ್ತೇನೆ.

ನಾನು ಓದಿದ್ದು ಹೊನ್ನಾವರದ ಕಡೆ. ಚರ್ಚಾಸ್ಪರ್ಧೆ ಅಂದರೆ ಪ್ರಾಣ. ವಿಷಯ ವಾರ ಮೊದಲೇ ಗೊತ್ತಿರುತ್ತಿತ್ತು. ಪರವೋ ವಿರೋಧವೋ ನಾವೇ ಆರಿಸಿಕೊಳ್ಳುತ್ತಿದ್ದೆವು. ಮೇಷ್ಟ್ರು ಬರೆದುಕೊಟ್ಟಿದ್ದನ್ನು ಬಾಯಿಪಾಠ ಮಾಡಿ, "ಮಾನ್ಯ ಅಧ್ಯಕ್ಷರೇ, ನಿರ್ಣಾಯಕರೇ" ಅಂತ ಶುರು ಹಚ್ಚಿ, ಬೆಲ್ ಹೊಡೆಯುವುದರೊಳಗೆ ಮುಗಿಸಿದರೆ ಆಯಿತು. ಹಿಂದೆ ಮಾತಾಡಿದವರು ಏನು ಹೇಳಿದರು ಅಂತ ಕಿವಿಗೊಡುವ ಅಗತ್ಯವೇ ಇರಲಿಲ್ಲ. ಕೊನೆಗೆ 'ಪರ ಪ್ರಥಮ, ವಿರೋಧ ಪ್ರಥಮ' ಅಂತ ಹೆಸರು ಕೂಗುತ್ತಿದ್ದರು. ಯಾಕೆ ಪ್ರಥಮ ಅಂತ ಯಾರೂ ಹೇಳುತ್ತಿರಲಿಲ್ಲ. ನಾವೂ ಕೇಳುತ್ತಿರಲಿಲ್ಲ.

ಇಲ್ಲಿ ಮೆಲ್ಬರ್ನ್‌ನಲ್ಲಿ ಮಗಳು ಇಯರ್ 9ಗೆ ಬಂದಾಗ ಶಾಲೆಯ ಡಿಬೇಟ್ ತಂಡ ಸೇರಿದಳು. ಡಿಬೇಟರ್ಸ್ ಅಸೋಸಿಯೇಷನ್ ಆಫ್ ವಿಕ್ಟೋರಿಯಾ ನಡೆಸುವ ಶಾಲಾ ಸ್ಪರ್ಧೆ ಅದು. ಮೊದಲ ಸಂಜೆ ನೋಡಿದಾಗಲೇ ಇದು ಬೇರೆ ಆಟ ಅಂತ ಗೊತ್ತಾಯಿತು. ಮೂರು ಮೂರು ಜನರ ಎರಡು ತಂಡ. ಪಕ್ಷ ಆರಿಸಿಕೊಳ್ಳುವುದು ಮಕ್ಕಳ ಕೈಯಲ್ಲಿಲ್ಲ. ಬಂದದ್ದನ್ನು ತೆಗೆದುಕೊಳ್ಳಬೇಕು. ಕೆಲವು ಸುತ್ತುಗಳಲ್ಲಿ ವಿಷಯ ಮೊದಲೇ ತಿಳಿದಿರುತ್ತದೆ. ಇನ್ನು ಕೆಲವಕ್ಕೆ 'ಸೀಕ್ರೆಟ್ ಟಾಪಿಕ್'. ವಿಷಯ ಕೈಗೆ ಕೊಟ್ಟು ತಯಾರಿಗೆ ಒಂದೇ ಗಂಟೆ. ನ್ಯೂ ಸೌತ್ ವೇಲ್ಸ್‌ನ ಸರ್ಕಾರಿ ಶಾಲೆಗಳ ಪ್ರೀಮಿಯರ್ಸ್ ಡಿಬೇಟಿಂಗ್ ಚಾಲೆಂಜ್‌ನಲ್ಲೂ ಹೀಗೆಯೇ. ಒಂದು ಗಂಟೆ, ಒಂದು ಕೋಣೆ, ಟೀಚರ್ ಸಹಾಯ ಇಲ್ಲ.

ಅಂಕ ಕೊಡುವ ಹಳೆಯ ಲೆಕ್ಕ ಮ್ಯಾಟರ್‌ಗೆ 40, ಮ್ಯಾನರ್‌ಗೆ 40, ಮೆಥಡ್‌ಗೆ 20. ಏನು ಹೇಳಿದೆ, ಹೇಗೆ ಹೇಳಿದೆ, ಹೇಗೆ ಜೋಡಿಸಿದೆ ಅಂತ. ಎದುರಾಳಿಯ ಮಾತಿಗೆ ಉತ್ತರ ಕೊಡದೆ ಬರೀ ತನ್ನದನ್ನೇ ಓದಿದರೆ ಅಂಕ ಕಮ್ಮಿಯಾಗುತ್ತದೆ. ಕೊನೆಗೆ ತೀರ್ಪುಗಾರರು ಎದ್ದು ನಿಂತು, ಎರಡೂ ತಂಡದ ಮುಂದೆ, ಅಪ್ಪ ಅಮ್ಮಂದಿರ ಮುಂದೆ, ಯಾರು ಗೆದ್ದರು ಮತ್ತು ಯಾಕೆ ಗೆದ್ದರು ಅಂತ ಬಾಯಿಬಿಟ್ಟು ಹೇಳಬೇಕು. ಈ 'ಯಾಕೆ' ನನ್ನನ್ನು ಹಿಡಿದುಹಾಕಿತು. ಮುಂದಿನ ವರ್ಷವೇ ತರಬೇತಿ ತೆಗೆದುಕೊಂಡು ನಾನೂ ತೀರ್ಪುಗಾರಳಾದೆ.

ತರಬೇತಿಯಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: ಸಾಮಾನ್ಯ ವಿವೇಕದ ಮನುಷ್ಯ. ಪೇಪರ್ ಓದುವ, ಲೋಕದ ಮೇಲೆ ಕಣ್ಣಿಟ್ಟಿರುವ, ಯಾವ ಕಡೆಗೂ ಮೊದಲೇ ವಾಲದ ಒಬ್ಬ ಮನುಷ್ಯ. ನೀನು ಡಿಬೇಟ್ ಕೇಳುವಾಗ ಅವನಾಗಿ ಕೂರಬೇಕು. ನಿನಗೆ ಗೊತ್ತಿರುವ ವಿಶೇಷ ಜ್ಞಾನ, ನಿನ್ನ ಓಟು, ನಿನ್ನ ಸಿಟ್ಟು ಎಲ್ಲವನ್ನೂ ಬಾಗಿಲ ಹೊರಗೆ ಇಟ್ಟು ಬರಬೇಕು. ಹೇಳುವುದು ಸುಲಭ. ಮಾಡಿ ನೋಡಿದರೆ ಗೊತ್ತಾಗುತ್ತದೆ.

ಒಂದು ಸಂಜೆ ನಡೆದದ್ದನ್ನು ಹೇಳುತ್ತೇನೆ. ವಿಷಯ, ಆಸ್ಟ್ರೇಲಿಯಾ ದಿನದ ತಾರೀಖನ್ನು ಬದಲಾಯಿಸಬೇಕು. 1788ರ ಜನವರಿ 26ರಂದು ಆರ್ಥರ್ ಫಿಲಿಪ್ ಸಿಡ್ನಿ ಕೋವ್‌ನಲ್ಲಿ ಬ್ರಿಟಿಷ್ ಬಾವುಟ ಏರಿಸಿದ ದಿನ ಅದು. ಇಲ್ಲಿನ ಮೂಲನಿವಾಸಿಗಳಿಗೆ ನೆಲ ಕಳೆದುಕೊಂಡ ದಿನ. ನನ್ನ ಅಭಿಪ್ರಾಯ ಕೇಳಿದರೆ ಬದಲಾಯಿಸಬೇಕು. ಪರ ತಂಡದ ಮೊದಲ ಹುಡುಗ ಎದ್ದು, ನನ್ನ ಮನಸ್ಸಿನಲ್ಲಿದ್ದದ್ದನ್ನೇ ನನಗಿಂತ ಚೆನ್ನಾಗಿ ಹೇಳಿದ. ಒಳ್ಳೆ ಇಂಗ್ಲಿಷು, ಒಳ್ಳೆ ಕಂಠ. ನನ್ನ ಹಾಳೆ ನೋಡಿಕೊಂಡೆ. ಅವನ ಕಾಲಂನಲ್ಲಿ ನಾನು ಏನೂ ಬರೆದೇ ಇರಲಿಲ್ಲ. ಸುಮ್ನೆ ತಲೆಯಾಡಿಸುತ್ತಾ ಕೂತಿದ್ದೆ. ಆ ಖಾಲಿ ಕಾಲಂ ಈಗಲೂ ಕಣ್ಣ ಮುಂದಿದೆ. ನಮಗೆ ಇಷ್ಟವಾದ ಮಾತನ್ನು ನಾವು ತೂಗುವುದೇ ಇಲ್ಲ. ಹಾಗೇ ಒಳಗೆ ಬಿಟ್ಟುಕೊಳ್ಳುತ್ತೇವೆ.

ವಿರೋಧ ತಂಡದ ಎರಡನೆಯವಳು ಬಂದಳು. ಕೈಯಲ್ಲಿ ಚಿಕ್ಕ ಚಿಕ್ಕ ಕಾರ್ಡುಗಳು, ಅವು ನಡುಗುತ್ತಿದ್ದವು. ಮೊದಲ ಕಾರ್ಡ್ ಓದಿ ನಿಲ್ಲಿಸಿದಳು. ಆಮೇಲೆ ಕಾರ್ಡುಗಳನ್ನು ಮೇಜಿನ ಮೇಲೆ ಇಟ್ಟೇ ಬಿಟ್ಟಳು. ಆ ಕಡೆಯವರು ಹೇಳಿದ ನೋವು ನಿಜ, ಅದನ್ನು ನಾವು ಒಪ್ಪುತ್ತೇವೆ ಅಂತ ಶುರು ಮಾಡಿದಳು. ಆಮೇಲೆ ಕೇಳಿದಳು. ಇವತ್ತು ಜನವರಿ ಬಂದರೆ ಸಾಕು, ಇಡೀ ದೇಶ ಆ ನೋವಿನ ಬಗ್ಗೆ ಮಾತಾಡಲೇಬೇಕಾಗುತ್ತದೆ. ತಾರೀಖನ್ನು ಯಾರಿಗೂ ತೊಂದರೆ ಇಲ್ಲದ ದಿನಕ್ಕೆ ಸರಿಸಿದರೆ ಆ ಮಾತು ಎಲ್ಲಿ ಉಳಿಯುತ್ತದೆ? ಬಾರ್ಬೆಕ್ಯೂ ಉಳಿಯುತ್ತದೆ, ಮಾತು ಹೋಗುತ್ತದೆ.

ಪರ ತಂಡದ ಮೂರನೆಯವನು ಇದಕ್ಕೆ ಉತ್ತರ ಕೊಡಲಿಲ್ಲ. ತನ್ನ ತಂಡ ಮೊದಲು ಹೇಳಿದ್ದನ್ನೇ ಇನ್ನೊಂದು ಸಲ, ಇನ್ನಷ್ಟು ಜೋರಾಗಿ ಹೇಳಿದ. ನಾನು ವಿರೋಧ ತಂಡಕ್ಕೆ ಗೆಲುವು ಕೊಟ್ಟೆ. ಕಾರಣ ಹೇಳಿದೆ. ಅವಳು ನನ್ನ ಅಭಿಪ್ರಾಯ ಬದಲಿಸಲಿಲ್ಲ. ಆದರೆ ಅವಳ ಪ್ರಶ್ನೆಗೆ ಆ ಕೋಣೆಯಲ್ಲಿ ಉತ್ತರ ಬರಲಿಲ್ಲ. ಹೊರಗೆ ಬರುವಾಗ ಅವಳೇ ಬಂದು ಹೇಳಿದಳು, ತಾನು ನಿಜಕ್ಕೂ ತಾರೀಖು ಬದಲಾಗಬೇಕು ಅನ್ನುವವಳು, ಆ ಒಂದು ಗಂಟೆಯ ತಯಾರಿಯಲ್ಲಿ ಅಳು ಬಂದುಬಿಟ್ಟಿತ್ತು ಅಂತ.

ನಮ್ಮ ಕರಾವಳಿಯವರಿಗೆ ಇದು ಹೊಸದೇನಲ್ಲ. ವೇಷ ಹಾಕದೆ ಕೂತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆ ಕೇಳಿ ಬೆಳೆದವರು ನಾವು. ಇವತ್ತು ವಾಲಿಯಾಗಿ ಕೂತು "ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ?" ಅಂತ ರಾಮನನ್ನು ಕೇಳಿದ ಅರ್ಥಧಾರಿ ನಾಳೆ ಇನ್ನೊಂದು ಊರಿನಲ್ಲಿ ರಾಮನಾಗಿ ಅದೇ ಪ್ರಶ್ನೆಗೆ ಉತ್ತರ ಕೊಡಬೇಕು. ವಾಲಿಯ ಮಾತು ಸಪ್ಪೆ ಆಯಿತು ಅಂದರೆ ರಾಮನ ಮಾತೂ ಸಪ್ಪೆಯೇ. ರಾತ್ರಿಯಿಡೀ ಕೂತು ಕೇಳುವ ಜನ ಸಪ್ಪೆ ವಾಲಿಯನ್ನು ಕ್ಷಮಿಸುತ್ತಿರಲಿಲ್ಲ. ಎದುರಾಳಿಯ ವಾದಕ್ಕೆ ಪೂರ್ತಿ ಬಲ ಕೊಟ್ಟು ಆಮೇಲೆ ಉತ್ತರಿಸಬೇಕು ಅನ್ನುವ ಮರ್ಯಾದೆ ಅಲ್ಲಿತ್ತು. ಚರ್ಚಾಸ್ಪರ್ಧೆಯ ವೇದಿಕೆಗೆ ಅದನ್ನು ನಾವು ತರಲಿಲ್ಲ ಅನ್ನುವುದು ನನಗೆ ಈಗ ಬೇಜಾರು ಕೊಡುವ ವಿಷಯ.

ಈಗ ಕ್ಲಾಸ್‌ರೂಮಿಗೆ ಬರುತ್ತೇನೆ. ಶಾಲೆಯಲ್ಲಿ ಯಾವ ರಾಜಕೀಯ ಕಲಿಸುತ್ತಾರೆ ಅನ್ನುವ ಜಗಳ ಈ ದೇಶದಲ್ಲಿ ಹಳೆಯದು. ಇತಿಹಾಸಕಾರ ಜೆಫ್ರಿ ಬ್ಲೇನಿ 1993ರಲ್ಲಿ, ನಮ್ಮ ಇತಿಹಾಸವನ್ನು ತೋಳಿಗೆ ಸೂತಕದ ಕಪ್ಪುಪಟ್ಟಿ ಕಟ್ಟಿಕೊಂಡು ನೋಡುವವರಿದ್ದಾರೆ ಅಂದರು. ಜಾನ್ ಹೋವರ್ಡ್ ಪ್ರಧಾನಿಯಾದ ಮೇಲೆ ಆ ಮಾತನ್ನು ರಾಜಕೀಯಕ್ಕೆ ತಂದರು. 2006ರಲ್ಲಿ ಕ್ಯಾನ್‌ಬೆರಾದಲ್ಲಿ ಇತಿಹಾಸ ಬೋಧನೆಗೆಂದೇ ಒಂದು ಸಮಾವೇಶ ಆಯಿತು. ರಾಷ್ಟ್ರೀಯ ಪಠ್ಯಕ್ರಮ ಬಂದ ಮೇಲೆ 2014ರಲ್ಲಿ ಅದರ ಪರಿಶೀಲನೆ, 2021ರಲ್ಲಿ ಹೊಸ ಕರಡಿನ ಮೇಲೆ ಮತ್ತೆ ಗಲಾಟೆ. ಆಗಿನ ಶಿಕ್ಷಣ ಮಂತ್ರಿ ಅಲನ್ ಟಜ್ ಅದು ದೇಶವನ್ನು ಕೆಟ್ಟದಾಗಿ ತೋರಿಸುತ್ತದೆ ಅಂದರು. 2022ರ ಏಪ್ರಿಲ್‌ನಲ್ಲಿ ತಿದ್ದಿದ ಆವೃತ್ತಿಗೆ ಒಪ್ಪಿಗೆ ಸಿಕ್ಕಿತು. 2018ರಲ್ಲಿ ಹವಾಮಾನದ ವಿಷಯಕ್ಕೆ ಮಕ್ಕಳು ಕ್ಲಾಸು ಬಿಟ್ಟು ಬೀದಿಗೆ ಬಂದಾಗ ಪ್ರಧಾನಿ ಸ್ಕಾಟ್ ಮಾರಿಸನ್, ಶಾಲೆಯಲ್ಲಿ ಕಲಿಕೆ ಜಾಸ್ತಿ ಬೇಕು, ಹೋರಾಟ ಕಮ್ಮಿ ಬೇಕು ಅಂತ ಸಂಸತ್ತಿನಲ್ಲಿ ಹೇಳಿದರು. ಒಬ್ಬರಿಗೆ ಶಾಲೆ ಎಡಕ್ಕೆ ವಾಲಿದೆ, ಇನ್ನೊಬ್ಬರಿಗೆ ಸರ್ಕಾರ ಬಲಕ್ಕೆ ಎಳೆಯುತ್ತಿದೆ. ಮೂವತ್ತು ವರ್ಷದಿಂದ ಇದೇ ಹಗ್ಗಜಗ್ಗಾಟ.

ಈ ಜಗಳದಲ್ಲಿ ಎಲ್ಲರೂ ಕೇಳುವುದು 'ಏನು ಕಲಿಸುತ್ತಾರೆ' ಅಂತ. ನನ್ನ ಪ್ರಕಾರ ಕೇಳಬೇಕಾದ್ದು, ಮಗು ಬೇರೆ ಉತ್ತರ ಕೊಟ್ಟರೆ ಏನಾಗುತ್ತದೆ ಅಂತ.

2023ರ ಅಕ್ಟೋಬರ್ 14ರಂದು ವಾಯ್ಸ್ ಜನಮತಗಣನೆ ಆಯಿತಲ್ಲ, ಮೂಲನಿವಾಸಿಗಳ ಪರವಾಗಿ ಸಂಸತ್ತಿಗೆ ಸಲಹೆ ಕೊಡುವ ಮಂಡಳಿಯನ್ನು ಸಂವಿಧಾನಕ್ಕೆ ಸೇರಿಸಬೇಕಾ ಅಂತ, ಅದಕ್ಕೂ ಮೊದಲು ಮಗಳ ಕ್ಲಾಸಿನಲ್ಲಿ ಒಂದು ಹೋಮ್‌ವರ್ಕ್ ಬಂತು. ಜನ 'ಯೆಸ್' ಅಂತ ಓಟು ಹಾಕುವಂತೆ ಮನವೊಲಿಸುವ ಪತ್ರ ಬರೆಯಿರಿ. ಒಬ್ಬ ಹುಡುಗ 'ನೋ' ಅಂತ ಬರೆಯಬಹುದಾ ಅಂತ ಕೇಳಿದನಂತೆ. ಟೀಚರ್ ಈ ಸಲ ಬೇಡ ಅಂದರಂತೆ. ನಾನು ಯೆಸ್‌ಗೇ ಓಟು ಹಾಕಿದವಳು. ಫಲಿತಾಂಶ ಬಂದ ರಾತ್ರಿ, ಎಲ್ಲಾ ಆರು ರಾಜ್ಯಗಳೂ ನೋ ಅಂದಾಗ, ನನಗೆ ಊಟ ಸೇರಲಿಲ್ಲ. ಆದರೂ ಆ ಹೋಮ್‌ವರ್ಕ್ ತಪ್ಪು. ಆ ಹುಡುಗ ಕಲಿತದ್ದು ಒಂದೇ. ಟೀಚರ್‌ಗೆ ಬೇಕಾದ್ದನ್ನು ಬರೆದು ಅಂಕ ತೆಗೆದುಕೊಳ್ಳಬೇಕು, ತನ್ನ ಯೋಚನೆಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಯೆಸ್ ಪತ್ರ ಬರೆದ ಮಕ್ಕಳಿಗಾದರೂ ಏನು ಸಿಕ್ಕಿತು? ಅವರ ವಾದವನ್ನು ಯಾರೂ ತಟ್ಟಿ ನೋಡಲಿಲ್ಲ.

ಇದಕ್ಕೆ ಉಲ್ಟಾ ಇನ್ನೊಂದು. ಗೆಳತಿಯ ಮಗ ಗಾಜಾ ಯುದ್ಧದ ಬಗ್ಗೆ ಕ್ಲಾಸಿನಲ್ಲಿ ಏನೋ ಕೇಳಿದಾಗ ಆ ವಿಷಯ ಇಲ್ಲಿ ಬೇಡ ಅಂತ ಮುಂದಿನ ಪಾಠಕ್ಕೆ ಹೋದರಂತೆ. ಟೀಚರ್‌ಗೆ ದೂರು ಬರುತ್ತದೆ ಅನ್ನುವ ಭಯ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಇಪ್ಪತ್ತೈದು ಮಕ್ಕಳಲ್ಲಿ ಯಾರ ಮನೆಯ ಸಂಕಟ ಯಾವುದೋ. ಆದರೆ ಹುಡುಗ ಮನೆಗೆ ಹೋಗಿ ಫೋನ್ ತೆಗೆದ. ಅಲ್ಲಿ ಉತ್ತರ ಕೊಡಲು ಯಾರು ಕಾಯುತ್ತಿರುತ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ವಿಕ್ಟೋರಿಯಾದ 2006ರ ಶಿಕ್ಷಣ ಕಾಯ್ದೆ, ಶಾಲೆಯ ಪಾಠಗಳು ಪ್ರಜಾಪ್ರಭುತ್ವದ ತತ್ವಗಳಿಗೆ ಬೆಂಬಲ ಕೊಡಬೇಕು ಅನ್ನುತ್ತದೆ. ಆ ಪಟ್ಟಿಯಲ್ಲಿ ಮಾತಿನ ಸ್ವಾತಂತ್ರ್ಯ ಇದೆ, ತೆರೆದ ಮನಸ್ಸು ಮತ್ತು ಸಹನೆಯೂ ಇದೆ. ಬಾಯಿ ಮುಚ್ಚಿಸುವುದು ಇವುಗಳಲ್ಲಿ ಯಾವುದೂ ಅಲ್ಲ. ಇನ್ನು ಅಂಕಿ ನೋಡಿ. ನಾಗರಿಕ ಶಿಕ್ಷಣದ ರಾಷ್ಟ್ರೀಯ ಪರೀಕ್ಷೆಯಲ್ಲಿ 2024ರಲ್ಲಿ ನಿರೀಕ್ಷಿತ ಮಟ್ಟ ಮುಟ್ಟಿದವರು ಇಯರ್ 6ರಲ್ಲಿ ಶೇಕಡಾ 43, ಇಯರ್ 10ರಲ್ಲಿ ಬರೀ 28. 2004ರಲ್ಲಿ ಈ ಪರೀಕ್ಷೆ ಶುರುವಾದ ಮೇಲೆ ಇಷ್ಟು ಕೆಳಗೆ ಇಳಿದದ್ದೇ ಇಲ್ಲ. ಇಯರ್ 10ರ ಈ ಮಕ್ಕಳು ಎರಡು ಮೂರು ವರ್ಷದಲ್ಲಿ ಓಟು ಹಾಕುತ್ತಾರೆ. ಇಲ್ಲಿ ಓಟು ಹಾಕುವುದು ಕಡ್ಡಾಯ ಬೇರೆ.

ಹಾಗಾದರೆ ಎಲ್ಲದಕ್ಕೂ ಎರಡು ಪಕ್ಷ ಇದೆಯಾ? ಇಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಬ್ಯಾಲೆನ್ಸ್ ಅನ್ನುವ ಮಾತು ಇಲ್ಲೇ ಹಳಿ ತಪ್ಪುತ್ತದೆ. 1838ರ ಜೂನ್‌ನಲ್ಲಿ ನ್ಯೂ ಸೌತ್ ವೇಲ್ಸ್‌ನ ಮಯಲ್ ಕ್ರೀಕ್‌ನಲ್ಲಿ ಕಡಿಮೆ ಅಂದರೂ 28 ಮೂಲನಿವಾಸಿಗಳನ್ನು ಕೊಂದರು. ಹೆಂಗಸರು, ಮಕ್ಕಳು, ಮುದುಕರು. ಕೋರ್ಟ್ ನಡೆಯಿತು, ಏಳು ಜನರಿಗೆ ಗಲ್ಲಾಯಿತು. ಇದು ನಡೆಯಿತೋ ಇಲ್ಲವೋ ಅಂತ ಡಿಬೇಟ್ ಇಡಲು ಬರುವುದಿಲ್ಲ. ಹಾಗೆ ಇಟ್ಟರೆ ಅದು ಬ್ಯಾಲೆನ್ಸ್ ಅಲ್ಲ, ಸತ್ತವರಿಗೆ ಅವಮಾನ. ಭೂಮಿ ಬಿಸಿಯಾಗುತ್ತಿದೆಯಾ ಅನ್ನುವುದೂ ಹಾಗೆಯೇ. ಆದರೆ ಕಲ್ಲಿದ್ದಲು ಗಣಿ ಯಾವಾಗ ಮುಚ್ಚಬೇಕು, ಗಣಿ ಊರಿನ ಜನರ ಹೊಟ್ಟೆಪಾಡಿಗೆ ಯಾರು ಹೊಣೆ, ಇವು ಡಿಬೇಟ್ ಮಾಡಲೇಬೇಕಾದ ವಿಷಯಗಳು. ನಡೆದದ್ದು ಒಂದು, ಈಗ ಏನು ಮಾಡಬೇಕು ಅನ್ನುವುದು ಇನ್ನೊಂದು. ಒಳ್ಳೆಯ ಟೀಚರ್ ಮೊದಲನೆಯದನ್ನು ಗಟ್ಟಿಯಾಗಿ ಹೇಳುತ್ತಾರೆ. ಎರಡನೆಯದನ್ನು ಮಕ್ಕಳ ಕೈಗೆ ಕೊಡುತ್ತಾರೆ.

ಡಿಬೇಟ್‌ನಲ್ಲೂ ವಾಲುವಿಕೆ ಇದೆ. ಅದನ್ನು ಮುಚ್ಚಿಡುವುದಿಲ್ಲ. ಅದು ಜಾಸ್ತಿ ಸೇರಿಕೊಳ್ಳುವುದು ವಿಷಯ ಬರೆಯುವಾಗ. ಒಂದು ಪಕ್ಷ ಗೆಲ್ಲಲು ಸಾಧ್ಯವೇ ಇಲ್ಲದ ಹಾಗೆ ವಾಕ್ಯ ಬರೆದರೆ ಆಮೇಲೆ ತೀರ್ಪುಗಾರ ಎಷ್ಟು ನ್ಯಾಯವಂತನಾದರೂ ಏನು ಬಂತು? ಇನ್ನೊಂದು ಕಡೆ ಮ್ಯಾನರ್‌ನ ಆ 40 ಅಂಕ. ದೊಡ್ಡ ಫೀಸಿನ ಖಾಸಗಿ ಶಾಲೆಯ ಮಗುವಿಗೆ ಕೋಚ್ ಇರುತ್ತಾರೆ, ವೇದಿಕೆಯ ಅಭ್ಯಾಸ ಇರುತ್ತದೆ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಉಚ್ಚಾರಣೆಗೆ ಅಂಜಿ ಹೆಸರೇ ಕೊಡುವುದಿಲ್ಲ. ಅವರಿಗೆ ನಾನು ಬೋ ಸಿಯೋ ವಿಷಯ ಹೇಳುತ್ತೇನೆ. ದಕ್ಷಿಣ ಕೊರಿಯಾದಿಂದ ಎಂಟು ವರ್ಷದವನಿದ್ದಾಗ ಸಿಡ್ನಿಗೆ ಬಂದ ಹುಡುಗ, ಇಂಗ್ಲಿಷ್ ಬರುತ್ತಿರಲಿಲ್ಲ. 2013ರಲ್ಲಿ ವಿಶ್ವ ಶಾಲಾ ಡಿಬೇಟಿಂಗ್ ಚಾಂಪಿಯನ್‌ಷಿಪ್ ಗೆದ್ದ ಆಸ್ಟ್ರೇಲಿಯಾ ತಂಡದಲ್ಲಿ ಅವನಿದ್ದ. ಆ ಚಾಂಪಿಯನ್‌ಷಿಪ್ 1988ರಲ್ಲಿ ಶುರುವಾದದ್ದೂ ಈ ದೇಶದಲ್ಲೇ. ಉಚ್ಚಾರಣೆ ನೋಡಿ ಅಂಕ ಕೊಡುವ ತೀರ್ಪುಗಾರ ತನ್ನ ಕೆಲಸ ಸರಿಯಾಗಿ ಮಾಡುತ್ತಿಲ್ಲ. ಹಾಗೆ ಅನ್ನಿಸಿದರೆ ಯಾಕೆ ಕಮ್ಮಿ ಕೊಟ್ಟಿರಿ ಅಂತ ಕೇಳಲು ಮಕ್ಕಳಿಗೆ ಹೇಳಿಕೊಡಿ. ಕಾರಣ ಹೇಳಲೇಬೇಕಾದವರು ಅವರು.

ಮುಂದಿನ ಸಲ ಪೇರೆಂಟ್ಸ್ ಮೀಟಿಂಗ್‌ಗೆ ಹೋದಾಗ ಟೀಚರ್ ಯಾವ ಪಾರ್ಟಿ ಅಂತ ಊಹೆ ಮಾಡುತ್ತಾ ಕೂರಬೇಡಿ. ಅವರಿಗೂ ಓಟಿದೆ, ಅಭಿಪ್ರಾಯ ಇರಲಿ. ಎರಡು ವಿಷಯ ಮಾತ್ರ ಕೇಳಿ. ಈ ಟರ್ಮ್‌ನಲ್ಲಿ ನನ್ನ ಮಗು ತಾನು ಒಪ್ಪದ ಪಕ್ಷಕ್ಕೆ ಒಂದು ಸಲವಾದರೂ ವಾದ ಬರೆದಿದೆಯಾ? ಅಂಕ ಕೊಟ್ಟಾಗ ಕಾರಣ ಬರೆದುಕೊಟ್ಟಿದ್ದೀರಾ? ಮನೆಯಲ್ಲೂ ಇದನ್ನೇ ಪಾಲಿಸಬೇಕು, ಅಲ್ವಾ? ಊಟದ ಹೊತ್ತಿಗೆ ಭಾರತದ ಎಲೆಕ್ಷನ್ ಮಾತು ಬಂದಾಗ ನಮ್ಮ ದನಿ ಎಷ್ಟು ಏರುತ್ತದೆ ಅಂತ ಮಕ್ಕಳು ನೋಡುತ್ತಿರುತ್ತಾರೆ.

ಮುಂದಿನ ಶನಿವಾರ ಇದೇ ಹೊತ್ತಿಗೆ ಇಲ್ಲೇ ಒಂದು ಡಿಬೇಟ್ ಇಡುತ್ತಿದ್ದೇವೆ, ಕನ್ನಡದಲ್ಲಿ. ಒಂದು ತಂಡ ಅಪ್ಪ ಅಮ್ಮಂದಿರದು, ಇನ್ನೊಂದು ಮಕ್ಕಳದು. ವಿಷಯ ಲಕೋಟೆಯಲ್ಲಿರುತ್ತದೆ, ತಯಾರಿಗೆ ಒಂದು ಗಂಟೆ, ಫೋನುಗಳೆಲ್ಲ ಬುಟ್ಟಿಯಲ್ಲಿ. ತೀರ್ಪು ಕೊಡುವುದು ನಾನಲ್ಲ. ನಮ್ಮ ಇದೇ ಕ್ಲಾಸಿನಲ್ಲಿ ಕನ್ನಡ ಕಲಿತು ಈಗ ಯೂನಿವರ್ಸಿಟಿಯಲ್ಲಿರುವ ಒಬ್ಬ ಹುಡುಗಿ ಬರುತ್ತಾಳೆ. ಯಾರು ಗೆದ್ದರು, ಯಾಕೆ ಗೆದ್ದರು ಅಂತ ಅವಳು ಎದ್ದು ನಿಂತು ಹೇಳುತ್ತಾಳೆ. ಸೇರುವವರು ಚಹಾ ಟೇಬಲ್ ಮೇಲಿನ ಹಾಳೆಯಲ್ಲಿ ಹೆಸರು ಬರೆದು ಹೋಗಿ. ಪರವೋ ವಿರೋಧವೋ ಅನ್ನುವುದನ್ನು ಅವತ್ತೇ ಚೀಟಿ ಎತ್ತಿ ನೋಡೋಣ.