ಬೇಸ್ ಬಾಕ್ಸಿಗೊಂದು ಗಾಡಿ

ಸರಿ, ರೆಕಾರ್ಡ್ ಆಗುತ್ತಿದೆ. ಹಿಂದೆ ಕಾಣುತ್ತಿರುವುದು ನನ್ನ ಹಳೇ ಕಾರು. ಹಿಂಭಾಗ ನೆಲಕ್ಕೆ ಕೂತ ಹಾಗಿದೆ ಅಲ್ವಾ? ಸ್ಪ್ರಿಂಗ್ ಸುಸ್ತಾಗಿದೆ. ಪಾಪ, ಅದರ ತಪ್ಪೇನಿಲ್ಲ. ಜನ ಕೂರಲಿ ಅಂತ ಮಾಡಿದ ಕಾರಿನಲ್ಲಿ ನಾನು ಸ್ಟೇಜನ್ನೇ ತುಂಬಿಕೊಂಡು ತಿರುಗುತ್ತಿದ್ದೇನೆ.

ಹಾಗಾಗಿ ಬೇರೆ ಗಾಡಿ ನೋಡಬೇಕು. ಡಿಜೆ ಸೆಟ್ ಹೋಗಬೇಕು, ಕೀಬೋರ್ಡ್ ಹೋಗಬೇಕು, ಗಿಟಾರ್ ಹೋಗಬೇಕು, ನಮ್ಮ ಡ್ರಮ್ಮರ್ ಕೂಡ ಹೋಗಬೇಕು. ಕೊನೆಯದು ಹೋಗದಿದ್ದರೂ ನಡೆಯುತ್ತದೆ. ತಮಾಷೆಗೆ ಹೇಳಿದೆ ಮಾರಾಯ. ಹೇಗೆ ಗುರಾಯಿಸುತ್ತಿದ್ದಾನೆ ನೋಡಿ.

ಮೊದಲು ತೂಕ. ಬಾತ್‌ರೂಮಿನ ತೂಕದ ಮಷೀನ್ ಮೇಲೆ ಒಂದೊಂದನ್ನೇ ಎತ್ತಿಕೊಂಡು ನಿಲ್ಲುವುದು, ಆಮೇಲೆ ನನ್ನ ತೂಕ ಕಳೆಯುವುದು. ನನ್ನ ತೂಕವನ್ನು ಬ್ಲರ್ ಮಾಡಿದ್ದೇನೆ, ಕಮೆಂಟ್‌ನಲ್ಲಿ ಕೇಳಬೇಡಿ. ಬೇಸ್ ಬಾಕ್ಸ್, ಅಂದರೆ ದಪ್ಪ ಧ್ವನಿಯ ದೊಡ್ಡ ಸ್ಪೀಕರ್ ಪೆಟ್ಟಿಗೆ, ಎತ್ತಿಕೊಂಡು ನಿಲ್ಲೋಕೆ ಆಗಲಿಲ್ಲ, ಅದರ ಬೆನ್ನಿನ ಸ್ಟಿಕ್ಕರ್ ನೋಡಿದೆ. ಒಂದೊಂದು 45 ಕಿಲೋ, ಅಂಥವು ಎರಡು. ಉಳಿದ ಧ್ವನಿಯ ಸ್ಪೀಕರ್‌ಗಳು, ಅಂದರೆ ಟಾಪ್‌ಗಳು, ಎರಡೂ ಸೇರಿ 36. ಕೀಬೋರ್ಡ್ ಕೇಸ್ ಸಮೇತ 30. ಲೈಟು, ಸ್ಟ್ಯಾಂಡು, ಮಿಕ್ಸರು, ಕೇಬಲ್ ಪೆಟ್ಟಿಗೆ ಎಲ್ಲ ಸೇರಿ 85. ಒಟ್ಟು 241. ಅದರಲ್ಲಿ ಕೇಬಲ್ ಪೆಟ್ಟಿಗೆಯೇ 25! ಬರೀ ವೈರು! ಸಂಗೀತ ಅಂತ ಬಂದು ತಾಮ್ರ ಹೊರುತ್ತಿದ್ದೇವೆ.

ಗಾಡಿಯ ಪೇಪರಿನಲ್ಲಿ ಎರಡು ತೂಕ ಬರೆದಿರುತ್ತದೆ. ಲೋಡ್ ಸಮೇತ ಎಷ್ಟಿರಬಹುದು, ಖಾಲಿ ಎಷ್ಟಿದೆ. ಒಂದರಲ್ಲಿ ಇನ್ನೊಂದು ಕಳೆದರೆ ಉಳಿಯುವುದೇ ನಮ್ಮ ಪಾಲು. ಆ ಪಾಲಿನಲ್ಲಿ ಸಾಮಾನಷ್ಟೇ ಅಲ್ಲ, ಕೂರುವ ಜನರೂ ಬರುತ್ತಾರೆ. ನಾವು ಮೂವರು 210 ಅಂತ ಹಿಡಿದರೆ 451 ಆಯಿತು. ನನ್ನ ಕಾರಿನ ಪಾಲು 400. ಇಷ್ಟು ವರ್ಷ ಇಳಿಜಾರಿನಲ್ಲಿ ಬ್ರೇಕ್ ಒತ್ತುವಾಗ ಯಾಕೆ ಎದೆ ಝಲ್ ಅನ್ನುತ್ತಿತ್ತು ಅಂತ ಈಗ ಗೊತ್ತಾಯಿತು.

ಈಗ ಈ ರಟ್ಟಿನ ಡಬ್ಬದ ಕಥೆ. ಗಾಡಿ ನೋಡಲು ಹೋದ ಕಡೆಯೆಲ್ಲ 45 ಕಿಲೋ ಹೊತ್ತುಕೊಂಡು ಹೋಗೋಕಾಗುತ್ತಾ? ಅದಕ್ಕೆ ಫ್ರಿಜ್ ಬಂದಿದ್ದ ರಟ್ಟನ್ನು ಬೇಸ್ ಬಾಕ್ಸಿನ ಅಳತೆಗೇ ಕತ್ತರಿಸಿ ಟೇಪ್ ಸುತ್ತಿದೆ. ಅಗಲ 55 ಸೆಂಟಿಮೀಟರ್, ಎತ್ತರ 70, ಆಳ 70. ಒಳಗಿನ ಸ್ಪೀಕರ್ 18 ಇಂಚು, ಅಂದರೆ ಹತ್ತಿರ ಹತ್ತಿರ 46 ಸೆಂಟಿಮೀಟರ್. ಸುತ್ತ ಪ್ಲೈವುಡ್ ಬಂದರೆ ಇಷ್ಟಾಗುತ್ತದೆ. ಎಂಥ ಐಡಿಯಾ ಅಂತ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮೊದಲು ನೋಡಿದ್ದು ಉದ್ದದ ಫ್ಯಾಮಿಲಿ ಗಾಡಿ. ಹಿಂದಿನ ಸೀಟು ಮಡಚಿದರೆ ಒಳ್ಳೇ ಜಾಗ. ಡಬ್ಬ ಇಟ್ಟೆ, ಹಿಂದಿನ ಬಾಗಿಲು ಹಾಕಿದೆ, ಟಕ್ ಅಂತ ಬಿತ್ತು. ಮಾರುವವರಿಗೆ ‘ಇದೇ ಸರ್, ಫೈನಲ್’ ಅಂದುಬಿಟ್ಟೆ. ಮಾರನೇ ದಿನ ನಿಜವಾದ ಬಾಕ್ಸ್ ತೆಗೆದುಕೊಂಡು ಹೋದೆ. ಅವರೂ ಒಂದು ಕೈ ಹಾಕಿದರು. ಒಳಗಿಟ್ಟು ಬಾಗಿಲು ಎಳೆದೆ. ಟಕ್ ಅನ್ನಲಿಲ್ಲ. ಛಟ್ ಅಂದಿತು.

ಆಮೇಲೆ ಒಂದು ಸೆಕೆಂಡ್ ಏನೂ ಆಗಲಿಲ್ಲ. ಆ ಒಂದು ಸೆಕೆಂಡಿನಲ್ಲಿ ‘ಏನೂ ಆಗಿಲ್ಲ ಸರ್’ ಅಂತ ಹೇಳಿಯೂ ಆಗಿತ್ತು. ಮರುಕ್ಷಣ ಹಿಂದಿನ ಗಾಜು ಇಡಿಯಾಗಿ ಸಕ್ಕರೆ ಚೆಲ್ಲಿದ ಹಾಗೆ ಸುರಿಯಿತು. ಟಫನ್ಡ್ ಗಾಜು ಹಾಗೇ. ಎರಡು ತುಂಡಾಗಿ ಒಡೆಯುವುದಿಲ್ಲ, ಕಲ್ಲುಸಕ್ಕರೆಯಂಥ ಸಾವಿರ ಚೂರು. ಇನ್ನೂ ನನ್ನದಲ್ಲದ ಗಾಡಿಯ ಗಾಜು! ಅವರು ನನ್ನನ್ನು ನೋಡಿದರು. ನಾನು ಬೇಸ್ ಬಾಕ್ಸನ್ನು ನೋಡಿದೆ, ತಪ್ಪು ಅದರದು ಅನ್ನುವ ಹಾಗೆ.

ಆಗಿದ್ದೇನು ಅಂದರೆ, ಬಾಕ್ಸಿನ ಬೆನ್ನಿಗೆ ತಳ್ಳಲು ನಾಲ್ಕು ಚಕ್ರ ಇವೆ. ಅವು 10 ಸೆಂಟಿಮೀಟರ್ ಹೊರಗೆ ಬರುತ್ತವೆ. ಡಬ್ಬ ಮಾಡುವಾಗ ಅವನ್ನು ಅಳೆದೇ ಇರಲಿಲ್ಲ. ಅದೂ ಸಾಲದು ಅಂತ ಆ ಗಾಡಿಯ ಹಿಂದಿನ ಬಾಗಿಲು ಮೇಲೆ ಹೋದ ಹಾಗೆ ಒಳಕ್ಕೆ ಬಾಗಿದೆ. ನೆಲದಲ್ಲಿ ಅಳೆದ ಉದ್ದ ಗಾಜಿನ ಮಟ್ಟದಲ್ಲಿ ಇಲ್ಲ. ಹಾಗಾದರೆ ಡಬ್ಬ ಹೇಗೆ ಹಿಡಿಯಿತು? ಮನೆಗೆ ಬಂದು ನೋಡಿದೆ. ಇಲ್ಲಿ, ಜೂಮ್ ಮಾಡುತ್ತೇನೆ, ಮೇಲಿನ ಮೂಲೆ. ಮಡಚಿಕೊಂಡಿದೆ. ರಟ್ಟು ತಗ್ಗಿ ಬಗ್ಗಿ ಜಾಗ ಮಾಡಿಕೊಂಡಿತ್ತು. ಬೇಸ್ ಬಾಕ್ಸಿಗೆ ಆ ಗುಣ ಇಲ್ಲ. ಹೊಸ ಗಾಜು ನಾನೇ ಹಾಕಿಸಿ ಕೊಟ್ಟೆ. ಗಾಡಿ ತೆಗೆದುಕೊಳ್ಳಲಿಲ್ಲ. ಅವರು ಕೊಡುತ್ತಲೂ ಇರಲಿಲ್ಲ ಬಿಡಿ.

ಅಯ್ಯೋ, ವಿಡಿಯೋದಲ್ಲಿ ಪಿಕಪ್ ಗಾಡಿಯ ಶಾಟ್ ಮುಗಿಯುತ್ತಾ ಬಂತು. ಪಿಕಪ್ ಬೇಡ. ಹಾಸು, ಅಂದರೆ ಸಾಮಾನು ಇಡುವ ತಳ, ಸೊಂಟದ ಎತ್ತರಕ್ಕಿದೆ, ಮೇಲೆ ಮುಚ್ಚಳವಿಲ್ಲ, ಮಳೆ ಬಂದರೆ ಆಂಪ್ಲಿಫಯರಿಗೆ ಸ್ನಾನ. ಆಯಿತು, ಮುಂದೆ.

ಇದು ಕಾರಿನ ಹಿಂದೆ ಕಟ್ಟುವ ಟ್ರೇಲರ್. ಟ್ರೇಲರ್ ಕಟ್ಟಿಕೊಂಡು ಹೋಗುವವರಿಗೆ ತಲೆ ಕೆಟ್ಟಿದೆ ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ. ಆ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಹಾಸು ನೋಡಿ, ಮೊಣಕಾಲಿಗಿಂತ ಕೆಳಗಿದೆ. ರ‍್ಯಾಂಪ್ ಇಳಿಸಿದರೆ ಬಾಕ್ಸ್ ತಳ್ಳಿಕೊಂಡೇ ಹೋಗಬಹುದು. ಪ್ರೋಗ್ರಾಮ್ ಇಲ್ಲದ ದಿನ ಬಿಚ್ಚಿಟ್ಟು ಕಾರಿನಲ್ಲಿ ಸುಮ್ನೆ ಓಡಾಡಬಹುದು. ತೆಗೆದುಕೊಳ್ಳೋಣ ಅಂತಲೇ ಇದ್ದೆ, ರಿವರ್ಸ್ ಹಾಕುವ ತನಕ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ಹೋದ ವಿಡಿಯೋದಲ್ಲಿ ಹೇಳಿದ್ದೇ ಸರಿ.

ಕೊನೆಗೆ ತೆಗೆದುಕೊಂಡಿದ್ದು ಈ ಬಿಳೀ ವ್ಯಾನು. ಐದು ಸೀಟು, ಎತ್ತರ 2 ಮೀಟರಿಗೆ ಒಳಗೆ. ಒಳಗೆ ನಿಲ್ಲಬಹುದಾದಂಥ ದೊಡ್ಡ ವ್ಯಾನ್ ನೋಡಿ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವು 2.5 ಮೀಟರ್ ದಾಟುತ್ತವೆ. ಎಷ್ಟೋ ಹಾಲ್‌ಗಳ ಪಾರ್ಕಿಂಗ್ ನೆಲಮಾಳಿಗೆಯಲ್ಲಿರುತ್ತದೆ, ತಲೆ ತಗಲುತ್ತದೆ. ಮೇಲೆ ರಸ್ತೆಯಲ್ಲಿ ನಿಲ್ಲಿಸಿ ರಾತ್ರಿ ಎರಡು ಗಂಟೆಗೆ ಬಾಕ್ಸ್ ತಳ್ಳಿಕೊಂಡು ಹೋಗೋ ಕರ್ಮ ಯಾರಿಗೆ ಬೇಕು.

ಹಾಸು ನೆಲದಿಂದ 55 ಸೆಂಟಿಮೀಟರ್. ಹಳೇ ಕಾರಿನಲ್ಲಿ 70ಕ್ಕೆ ಎತ್ತಿ, ಡಿಕ್ಕಿಯ ಅಂಚು ದಾಟಿಸಿ, ಮತ್ತೆ ಒಳಗೆ ಇಳಿಸಬೇಕಿತ್ತು. ಕೈ ಮುಂದೆ ಚಾಚಿ ಭಾರ ಇಳಿಸುವಾಗಲೇ ಸೊಂಟ ಹಿಡಿಯುವುದು. ಇಲ್ಲಿ ಅಂಚೇ ಇಲ್ಲ, ಹಾಸಿನ ತುದಿಗೆ ಒರಗಿಸಿ ಮಲಗಿಸಿದರೆ ಚಕ್ರದ ಮೇಲೆ ಒಳಗೆ ಹೋಗುತ್ತದೆ. ಇಂಜಿನ್ ಎಷ್ಟು ಸಿಸಿ ಅಂತ ಕೇಳುತ್ತೀರಿ ಎಲ್ಲರೂ. ಪ್ರೋಗ್ರಾಮ್ ಮುಗಿದು ಅನ್‌ಲೋಡ್ ಮಾಡುವ ಹೊತ್ತಿಗೆ ಸಿಸಿ ಯಾವನಿಗೆ ಬೇಕು?

ಸೈಡ್ ಬಾಗಿಲು ನೋಡಿ, ನಾನು ಮನಸೋತದ್ದು ಇದಕ್ಕೇ. ಭಾರದ ಸಾಮಾನು ಸೀಟಿಗೆ ತಾಗಿಕೊಂಡು ಇರಬೇಕು. ಹಿಂದೆ ಇಟ್ಟರೆ ಬ್ರೇಕ್ ಹಾಕಿದಾಗ ಗಾಡಿ ನಿಲ್ಲುತ್ತದೆ, ಬೇಸ್ ಬಾಕ್ಸ್ ನಿಲ್ಲುವುದಿಲ್ಲ. ಆದರೆ ಮುಂದೆ ಇಟ್ಟರೆ ಅದು ಕೊನೆಯಲ್ಲಿ ಹೊರಗೆ ಬರುತ್ತದೆ, ಸ್ಟೇಜಿಗೆ ಮೊದಲು ಬೇಕಾಗುವುದೂ ಅದೇ. ಸೈಡ್ ಬಾಗಿಲಿದ್ದರೆ ಅಲ್ಲಿಂದಲೇ ಇಳಿಸಬಹುದು. ಹಿಂದಿನ ಬಾಗಿಲನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ ಕಳ್ಳನಿಗೂ ಕಷ್ಟ. ಗಿಟಾರ್ ಮಾತ್ರ ಗಾಡಿಯಲ್ಲಿ ಬಿಡಬೇಡಿ. ಬಿಸಿಲಿಗೆ ನಿಂತ ಗಾಡಿ ಒಳಗೆ 50 ಡಿಗ್ರಿ ದಾಟುತ್ತದೆ, ಅಂಟು ಸಡಿಲವಾಗಿ ತಂತಿ ಕಟ್ಟುವ ಪಟ್ಟಿ, ಬ್ರಿಡ್ಜ್, ಎದ್ದು ಬರುತ್ತದೆ. ನನ್ನದು ಒಂದು ಎದ್ದಿದೆ, ಆ ಕಥೆ ಇನ್ನೊಮ್ಮೆ.

ಸರಿ, ಎರಡೂ ಬಾಕ್ಸ್ ಒಳಗೆ ಹೋದವು. ನಡುವೆ ಹಳೇ ಕಂಬಳಿ, ಹಾಸಿನ ಕೊಂಡಿಗಳಿಗೆ ಬೆಲ್ಟ್ ಬಿಗಿದಿದ್ದೇನೆ. ಅಲುಗಾಡುವುದಿಲ್ಲ ನೋಡಿ, ತಳ್ಳುತ್ತೇನೆ.

ಕೇಳಿಸಿತಾ? ಕಿಣಿಕಿಣಿ ಅಂತ. ಮತ್ತೊಮ್ಮೆ ತಳ್ಳುತ್ತೇನೆ. ಹೂಂ, ಬಾಕ್ಸಿನ ಗಾಳಿ ತೂತು, ಪೋರ್ಟು, ಅದರ ಒಳಗೆ ಗಾಜಿನ ಚೂರು. ವ್ಯಾಕ್ಯೂಮ್ ಹಿಡಿದು ತೆಗೆದಿದ್ದೆ, ಇನ್ನೂ ಇದೆ. ಲೋ, ಬಾರೋ ಇಲ್ಲಿ, ಬೆಲ್ಟ್ ಬಿಚ್ಚು. ಇಳಿಸಬೇಕು.